ಸ್ಲೇಟಿನ ಮೇಲೆ ಒಂದೇ ಮೀನು

ನಮ್ಮ ಮನೆಯಲ್ಲಿ ನನ್ನ ಮಾತಿಗೆ ಬೆಲೆಯಿಲ್ಲ ಎಂದು ನಾನೇನೂ ದೂರುತ್ತಿಲ್ಲ. ಮೂವತ್ತು ವರ್ಷದಿಂದ ಇಲ್ಲದ್ದನ್ನು ಈಗ ದೂರಿ ಏನು ಪ್ರಯೋಜನ? ಫ್ಯಾನು ಎಷ್ಟು ಜೋರಾಗಿ ತಿರುಗಬೇಕು, ಕಿಟಕಿಯ ಪರದೆ ಯಾವ ಬಣ್ಣದ್ದಿರಬೇಕು, ನನಗೆ ಹಸಿವಾಗಿದೆಯೋ ಇಲ್ಲವೋ, ಇವೆಲ್ಲವನ್ನೂ ನನ್ನ ಅರ್ಧಾಂಗಿಯೇ ತೀರ್ಮಾನಿಸುತ್ತಾಳೆ. ಇಷ್ಟು ದೊಡ್ಡ ಸಂಸಾರದಲ್ಲಿ ನನ್ನದು ಅಂತ ಉಳಿದಿದ್ದ ಏಕೈಕ ಸ್ಥಿರಾಸ್ತಿ ಎಂದರೆ ಮೀನಿನ ಕಥೆ. ಮೊನ್ನೆ ಅದಕ್ಕೂ ಕೈ ಹಾಕಿದಳು.

"ಅಳಿಯಂದಿರ ಮುಂದೆ ಇನ್ನೊಂದ್ಸಲ ಆ ಮೀನಿನ ಕಥೆ ತೆಗೆದ್ರೆ ನೋಡಿ!"

"ಪಾಪ, ಅವರು ಕೇಳಿರೋದೇ ಐದು ಸಲ ಕಣೇ."

"ಮಗಳ ಮದುವೆ ಆಗಿ ಎರಡು ತಿಂಗಳು ಆಗಿಲ್ಲ. ಐದು ಸಲ!"

ನೀವು ಒಮ್ಮೆಯೂ ಕೇಳಿಲ್ಲವಲ್ಲ, ನೀವಾದರೂ ಕೇಳಿ. (ಕುರ್ಚಿ ಎಳೆದುಕೊಳ್ಳಿ, ಚಿಕ್ಕದಾಗಿ ಹೇಳುತ್ತೇನೆ. ಚಿಕ್ಕದಾಗಿ ಅಂದರೆ ಎಷ್ಟು ಚಿಕ್ಕದಾಗಿ ಅಂತ ನನ್ನ ಹೆಂಡತಿಯನ್ನು ಕೇಳಬೇಡಿ.)

ಆಗ ನಾನು ಸಮುದ್ರದಂಡೆಯ ಒಂದು ಪುಟ್ಟ ಊರಿನ ಬಂದರಿನಲ್ಲಿ ತೂಕದ ಗುಮಾಸ್ತ. ಬುಟ್ಟಿ ಬುಟ್ಟಿ ಮೀನನ್ನು ತಕ್ಕಡಿಗೆ ಏರಿಸಿ, ಮುಳ್ಳು ನಿಲ್ಲುವವರೆಗೆ ಉಸಿರು ಹಿಡಿದು, ಚೀಟಿ ಬರೆಯುವುದು ನನ್ನ ಕೆಲಸ. ಮಧ್ಯಾಹ್ನ ಹನ್ನೆರಡೂವರೆಗೆ ಬಂದರಿನ ಸೈರನ್ ಕೂಗಿದರೆ ಸಾಕು, ಊರಿನ ನೌಕರವರ್ಗವೆಲ್ಲ ಇಳಿಜಾರು ಬೀದಿಯ ತುದಿಯಲ್ಲಿದ್ದ ನೀಲಿ ಬಾಗಿಲಿನ ಹೋಟೆಲಿಗೆ ನುಗ್ಗುತ್ತಿತ್ತು. ಹೋಟೆಲು ಅಂದರೆ ಆರು ಮೇಜು, ಮೇಜಿಗೆ ಎರಡೇ ಕುರ್ಚಿ, ನೆತ್ತಿಯ ಮೇಲೆ ಕಿರುಗುಟ್ಟುವ ಒಂದು ಫ್ಯಾನು, ಗೋಡೆಗೆ ಒಂದು ಸ್ಲೇಟು. ಆ ದಿನ ಎಷ್ಟು ಮೀನು ಉಳಿದಿವೆ ಎಂದು ಯಜಮಾನರು ಸ್ಲೇಟಿನಲ್ಲಿ ಬರೆಯುತ್ತಿದ್ದರು. ಒಂದೊಂದು ತಟ್ಟೆ ಹೊರಗೆ ಬಂದಂತೆ ಒದ್ದೆ ಬೆರಳಿನಿಂದ ಅಂಕಿ ಒರೆಸಿ ಹೊಸ ಅಂಕಿ ಬರೆಯುವರು.

ಆ ಹೋಟೆಲಿಗೆ ಎರಡು ಕಾನೂನುಗಳಿದ್ದವು. ಒಂದನೆಯದು, ಯಾವ ಕುರ್ಚಿಯೂ ಖಾಲಿ ಇರಕೂಡದು. ಒಬ್ಬರೇ ಬಂದವರ ಎದುರಿಗೆ ಒಬ್ಬರೇ ಬಂದ ಇನ್ಯಾರನ್ನಾದರೂ ಯಜಮಾನರು ಕೂರಿಸಿಯೇ ತೀರುವರು. ಎರಡನೆಯದು, ಯಾರಿಗೂ ಹೆಸರಿಲ್ಲ, ಕಸುಬೇ ಹೆಸರು. "ತಕ್ಕಡಿಗೆ ಒಂದು ಸೂಪು! ಬ್ಯಾಂಕಿಗೆ ಎರಡು ಬ್ರೆಡ್ಡು!" ಎಂದು ಅಡಿಗೆಮನೆಗೆ ಕೂಗಿ ಹೇಳುವರು. ತಕ್ಕಡಿ ಅಂದರೆ ನಾನು.

ಒಂದು ದಿನ ಕಿಟಕಿಯ ಪಕ್ಕದ ನನ್ನ ಮೇಜಿನ ಎದುರು ಕುರ್ಚಿಗೆ ಯಜಮಾನರು ಅಂಚೆ ಕಚೇರಿಯ ಕೌಂಟರಿನಲ್ಲಿ ಕೂರುವ ಹುಡುಗಿಯನ್ನು ಕರೆತಂದರು. ಬೆರಳ ತುದಿಗೆ ಮೊಹರಿನ ಶಾಯಿ, ಮುಖದಲ್ಲಿ ಕೌಂಟರು ಮುಚ್ಚಿದ ಗಾಂಭೀರ್ಯ. ಇಬ್ಬರೂ ಹುರಿದ ಮೀನು ಹೇಳಿದೆವು. ಯಜಮಾನರು ಸ್ಲೇಟಿನ ಕಡೆ ಕೈ ತೋರಿಸಿ, "ಒಂದೇ ಉಳಿದಿದೆಯಲ್ಲ!" ಎಂದರು. ಬೆಳಗಿನ ನಾಲ್ಕಕ್ಕೆ ಎದ್ದವನು ನಾನು. ಹೊಟ್ಟೆಯಲ್ಲಿ ಒಂದು ಲೋಟ ಚಹಾ ಬಿಟ್ಟರೆ ಏನೂ ಇರಲಿಲ್ಲ. ಆದರೂ ಒಂದು ಕ್ಷಣವೂ ಯೋಚಿಸದೆ, "ಅವರಿಗೇ ಕೊಡಿ," ಎಂದುಬಿಟ್ಟೆ. ಇಡೀ ಮೀನು! ನಿಂಬೆಹಣ್ಣಿನ ಹೋಳಿನ ಸಮೇತ! ಅವಳು ತಿಂದಳು, ನಾನು ಸೂಪು ಕುಡಿದೆ. ಆಗ ಹೊರಗೆ ಬಂದರಿನಲ್ಲಿ ದೋಣಿಯೊಂದರ ಇಂಜಿನ್ನು ಗುರುಗುಟ್ಟಿತು. ಅವಳು ತಲೆಯೆತ್ತಿದಳು. "ದೋಣಿ ಬಂತು ಅನ್ಸುತ್ತೆ," ಎಂದೆ. ಅವಳು ನಕ್ಕಳು. ಆರು ತಿಂಗಳಿಗೆ ಮದುವೆ.

ಇದು ಕಥೆ. ಸಮುದ್ರ, ದೋಣಿ, ತ್ಯಾಗ, ನಗು, ಏನು ಕಡಿಮೆಯಾಗಿದೆ ಹೇಳಿ? ನಾನು ಸಂತೆಯಿಂದ ತಪ್ಪು ತರಕಾರಿ ತಂದಾಗ, ಛತ್ರಿ ಕಳೆದು ಬಂದಾಗ, ಬೀಗದ ಕೈ ಒಳಗಿಟ್ಟು ಬಾಗಿಲು ಎಳೆದುಕೊಂಡಾಗ, "ಅಂದು ಆ ಮೀನನ್ನು ಬಿಟ್ಟುಕೊಟ್ಟವನು ಯಾರು?" ಎಂದರೆ ಮನೆ ತಣ್ಣಗಾಗುತ್ತಿತ್ತು. (ಮಗಳದ್ದು ಮಾತ್ರ ಒಂದು ತಕರಾರು. ಅವಳು ಒಂದನೇ ಕ್ಲಾಸಿನಲ್ಲಿದ್ದಾಗ ಮೀನು ನನ್ನ ಅಂಗೈಯಷ್ಟಿತ್ತಂತೆ, ಕಾಲೇಜಿಗೆ ಬರುವ ಹೊತ್ತಿಗೆ ಎರಡು ಕೈಯನ್ನೂ ಚಾಚಿ ತೋರಿಸಬೇಕಾಗುತ್ತಿತ್ತಂತೆ. ಮಕ್ಕಳು ಬೆಳೆಯುವುದಿಲ್ಲವೇ? ಮೀನು ಬೆಳೆದರೆ ತಪ್ಪೇ?)

ಕಥೆಗೆ ನಿಷೇಧ ಬಿದ್ದಾಗ ನನ್ನ ತಲೆಯಲ್ಲಿ ದಿವ್ಯವಾದ ಒಂದು ಯೋಚನೆ ಹೊಳೆಯಿತು. ಕಥೆ ಹೇಳಬೇಡ ಅಂದರೆ ಸರಿ, ಹೇಳುವುದಿಲ್ಲ. ತೋರಿಸುತ್ತೇನೆ! ನಮ್ಮ ಮದುವೆಯ ಮೂವತ್ತನೆಯ ವರ್ಷಕ್ಕೆ ಎಲ್ಲರೂ ಆ ಹೋಟೆಲಿಗೇ ಊಟಕ್ಕೆ ಹೋಗೋಣ, ಅಳಿಯಂದಿರು ಆ ಐತಿಹಾಸಿಕ ಸ್ಥಳವನ್ನು ಕಣ್ಣಾರೆ ನೋಡಲಿ ಎಂದೆ. ಲಿಫ್ಟು ರಿಪೇರಿಯ ಕೆಲಸ ಮಾಡುವ ನಮ್ಮ ಅಳಿಯ ಬಲು ಮರ್ಯಾದಸ್ಥ. "ಆಗಲಿ ಮಾವ, ಕಾರು ನಾನು ಓಡಿಸ್ತೀನಿ," ಎಂದ. ನನ್ನವಳು ಮಾತ್ರ ಯಾಕೋ ಒಪ್ಪಲಿಲ್ಲ.

"ಅಷ್ಟು ದೂರ ಯಾಕೆ? ಆ ಹೋಟೆಲು ಇನ್ನೂ ಇರುತ್ತಾ?"

"ಇಲ್ಲದಿದ್ರೆ ಜಾಗ ನೋಡ್ಕೊಂಡು ಬರೋಣ."

"ಯಜಮಾನರು ಇರ್ತಾರಾ? ಇದ್ರೂ ಅವರಿಗೇನು ನೆನಪಿರುತ್ತೆ?"

"ನೆನಪಿರದೆ ಏನು! ಅಂಥ ದೃಶ್ಯವನ್ನ ಅವರು ಜೀವಮಾನದಲ್ಲಿ ಒಂದೇ ಸಲ ನೋಡಿರೋದು."

ಅವಳು ಎದ್ದು ಅಡಿಗೆಮನೆಗೆ ಹೋದಳು. ನಾಚಿಕೆ ಎಂದುಕೊಂಡೆ. ಎಷ್ಟಾದರೂ ಹೆಣ್ಣುಜೀವ, ಹಳೆಯ ಉಪಕಾರ ನೆನೆದು ಮನಸ್ಸು ತುಂಬಿ ಬಂದಿರಬೇಕು ಎಂದುಕೊಂಡೆ.

ನಾಲ್ಕು ಗಂಟೆಯ ದಾರಿ. ಇಳಿಜಾರು ಬೀದಿಯ ತಿರುವಿನಲ್ಲಿ ಕಾರು ನಿಂತಾಗ ಉಪ್ಪುಗಾಳಿ ಮುಖಕ್ಕೆ ಹೊಡೆಯಿತು. ಎದೆಯೊಳಗೆ ಏನೋ ಕರಗಿದ ಹಾಗಾಯಿತು. ತೂಕದ ಕಟ್ಟೆ ಇದ್ದ ಜಾಗದಲ್ಲಿ ಈಗ ಸೈಕಲ್ ನಿಲ್ಲಿಸುತ್ತಾರೆ. ಅಂಚೆ ಕಚೇರಿಯ ಮೆಟ್ಟಿಲು ಹಾಗೇ ಇದೆ, ಸವೆದದ್ದು ಇನ್ನಷ್ಟು ಸವೆದಿದೆ. ಬೀದಿಯ ತುದಿಯಲ್ಲಿ ನೀಲಿ ಬಾಗಿಲು! ಬಣ್ಣ ಹೊಸದು, ಆದರೆ ಕೀಲಿನ ಹತ್ತಿರ ಹಳೆಯ ನೀಲಿಯೇ ಇಣುಕುತ್ತಿತ್ತು. ಒಳಗೆ ಅದೇ ಆರು ಮೇಜು, ಅದೇ ಕಿಟಕಿ, ಗೋಡೆಯ ಮೇಲೆ ಅದೇ ಸ್ಲೇಟು. ನಾನು ಬಾಗಿಲಲ್ಲೇ ನಿಂತುಬಿಟ್ಟೆ. ಇಪ್ಪತ್ತೆಂಟು ವರ್ಷದ ಆ ಬಡಕಲು ಗುಮಾಸ್ತ ಈಗಲೂ ಒಳಗೆ ಕೂತು ಬ್ರೆಡ್ಡು ಮುರಿಯುತ್ತಿರಬಹುದು ಅನ್ನಿಸಿತು. ಕಣ್ಣು ಒದ್ದೆಯಾಯಿತು ಎಂದು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

"ಮಾವ, ಸ್ವಲ್ಪ ಪಕ್ಕಕ್ಕೆ ಬಂದ್ರೆ ನಾವೂ ಒಳಗೆ ಹೋಗಬಹುದು," ಎಂದ ಅಳಿಯ.

ಗಲ್ಲಾದಲ್ಲಿ ಯಜಮಾನರೇ ಇದ್ದರು! ಕೂದಲೆಲ್ಲ ಬೆಳ್ಳಗಾಗಿ, ಕನ್ನಡಕದ ಗಾಜು ದಪ್ಪವಾಗಿತ್ತು. ನಾನು ಎದೆಯುಬ್ಬಿಸಿಕೊಂಡು ಮುಂದೆ ಹೋಗಿ ನಿಂತೆ.

"ಯಜಮಾನರೇ, ಗುರುತು ಸಿಕ್ತಾ?"

ಅವರು ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. "ನೀರಿನ ಪೈಪಿನವರಾ? ನಿನ್ನೆಯಿಂದ ಕಾಯ್ತಾ ಇದ್ದೀನಲ್ಲ."

"ತಕ್ಕಡಿ! ಬಂದರಿನ ತಕ್ಕಡಿ!"

"ತಕ್ಕಡಿಯವರು ತುಂಬಾ ಜನ ಬಂದು ಹೋದ್ರು ಸ್ವಾಮಿ," ಎನ್ನುತ್ತ ಅವರು ನನ್ನ ಹೆಗಲಾಚೆ ನೋಡಿದವರೇ ಕುರ್ಚಿಯಿಂದ ಎದ್ದು ನಿಂತರು. "ಅಂಚೆಯಮ್ಮಾ! ನೀವಾ?"

ನನ್ನ ಹೆಂಡತಿ ಮುಖ ತಗ್ಗಿಸಿದಳು. "ಚೆನ್ನಾಗಿದ್ದೀರಾ ಯಜಮಾನರೇ?" ಎಂದು ಮೆಲ್ಲಗೆ ಕೇಳಿದಳು.

ಹಳೆಯ ಕಾನೂನಿನ ಪ್ರಕಾರ ಇಬ್ಬಿಬ್ಬರಾಗಿ ಕೂತೆವು. ಮಗಳು, ಅಳಿಯ ಪಕ್ಕದ ಮೇಜಿಗೆ. ನಾವಿಬ್ಬರು ಕಿಟಕಿಯ ಮೇಜಿಗೆ. ನಾನು ಯಜಮಾನರನ್ನು ಕರೆದು ಸಾಕ್ಷಿ ನುಡಿಯಲು ಹೇಳಿದೆ. "ಇದೇ ಮೇಜು ಅಲ್ವಾ ಯಜಮಾನರೇ? ಒಂದೇ ಮೀನು ಉಳಿದಿತ್ತು, ನಾನು ಇವಳಿಗೆ ಇಡೀ ಮೀನು ಬಿಟ್ಟುಕೊಟ್ಟೆ. ಸ್ವಲ್ಪ ನಮ್ಮ ಅಳಿಯಂದಿರಿಗೆ ಹೇಳಿ."

ಯಜಮಾನರ ಮುಖ ಅರಳಿತು. "ಓಹೋಹೋ! ಮೀನಿನ ಪರೀಕ್ಷೆಯವರಾ ನೀವು!" ಎಂದು ತೊಡೆ ತಟ್ಟಿಕೊಂಡು ನಕ್ಕರು. ಆಮೇಲೆ ನನ್ನವಳ ಕಡೆ ತಿರುಗಿ ಕೇಳಿದರು, "ಇವರು ಎರಡನೆಯವರಾ ಅಮ್ಮಾ, ಮೂರನೆಯವರಾ?"

ಮಗಳು ಎತ್ತಿದ ನೀರಿನ ಲೋಟ ಬಾಯಿಯ ಹತ್ತಿರವೇ ನಿಂತಿತು.

"ಮೂರನೆಯವರು," ಎಂದಳು ನನ್ನ ಹೆಂಡತಿ, ಉಪ್ಪಿನ ಡಬ್ಬಿಯನ್ನು ನೋಡುತ್ತ.

"ಏನು ಮೂರನೆಯವರು? ಯಾವ ಪರೀಕ್ಷೆ? ಮೀನು ಒಂದೇ ತಾನೇ ಇದ್ದದ್ದು?" ಎನ್ನುತ್ತ ನಾನು ಕುರ್ಚಿಯಿಂದ ಅರ್ಧ ಎದ್ದೆ.

"ಒಳಗೆ ಒಂಬತ್ತಿದ್ವು," ಎಂದರು ಯಜಮಾನರು ಸಂತೋಷದಿಂದ. "ಸ್ಲೇಟಲ್ಲಿ ಒಂದು ಅಂತ ಬರೀರಿ, ನಾನು ಯಾರ ಎದುರು ಕೂತಿರ್ತೀನೋ ಅವರ ಮುಂದೆ ಬಂದು ಒಂದೇ ಉಳಿದಿದೆ ಅನ್ನಿ ಅಂತ ಅಂಚೆಯಮ್ಮ ಹೇಳಿದ್ರು. ನಮ್ಮ ಅಕ್ಕನಿಗೆ ಕಳಿಸೋ ಪಾರ್ಸೆಲ್ಲು ಅಷ್ಟು ಚೆನ್ನಾಗಿ ಕಟ್ಟಿಕೊಡ್ತಿದ್ರು, ಇಲ್ಲ ಅನ್ನೋಕಾಗುತ್ತಾ? ನೀವು ಬರೀ ಸೂಪು ಕುಡಿದು ಎದ್ದು ಹೋದಾಗ ನಮ್ಮ ಅಡಿಗೆಯವನು ಪಾಪ ಅಂದ."

ಅವರು ನಗುತ್ತಲೇ ಗಲ್ಲಾಕ್ಕೆ ಹೋದರು. ನಾನು ಕಟ್ಟಿಕೊಂಡವಳ ಕಡೆ ತಿರುಗಿದೆ.

"ಮನೆಯಲ್ಲಿ ಗಂಡು ನೋಡ್ತಾ ಇದ್ರು," ಎಂದಳು. "ಅವರು ನೋಡೋದು ಮನೆ, ಸಂಬಳ. ನಾನು ದಿನಾ ಕಾಗದ ವಿಂಗಡಿಸೋಳು. ಮನುಷ್ಯರನ್ನೂ ಒಂದ್ಸಲ ವಿಂಗಡಿಸಿ ನೋಡೋಣ ಅನ್ನಿಸ್ತು. ಅದರಲ್ಲೇನು ತಪ್ಪು?"

"ಮೊದಲನೆಯವನು ಯಾರು?"

"ಐಸ್ ಫ್ಯಾಕ್ಟರಿ ಸೂಪರ್‌ವೈಸರು. ಮೀನು ಬಂತು, ತಲೆ ಎತ್ತದೆ ತಿಂದ. ಮುಳ್ಳು ಮಾತ್ರ ಬಿಟ್ಟ."

"ಎರಡನೆಯವನು?"

"ಬ್ಯಾಂಕಿನ ಕ್ಯಾಷಿಯರು." ಇಲ್ಲಿ ಅವಳ ದನಿ ಸ್ವಲ್ಪ ಮೆತ್ತಗಾಯಿತು ಎಂದು ನನಗೆ ಅನ್ನಿಸಿತು. "ಅವರು ಸರಿಯಾಗಿ ಅರ್ಧ ಮಾಡಿ, ತಲೆಯ ಕಡೆಯದನ್ನ ತಾವಿಟ್ಕೊಂಡು, ನಡುವಿನ ಒಳ್ಳೆ ಭಾಗ ನನಗೆ ಕೊಟ್ರು."

"ಅರ್ಧ! ನಾನು ಪೂರ್ತಿ ಕೊಟ್ಟೆ! ಹಾಗಾದ್ರೆ ಗೆದ್ದವನು ನಾನೇ ತಾನೇ?"

"ಗೆದ್ದವರು ಅವರೇ," ಎಂದಳು ನನ್ನ ಅರ್ಧಾಂಗಿ. "ಅರ್ಧ ಕೊಟ್ಟವರು ಸುಮ್ನೆ ಕೈ ತೊಳ್ಕೊಂಡು ಹೋದ್ರು. ಪೂರ್ತಿ ಕೊಟ್ಟವರು ಮೂವತ್ತು ವರ್ಷದಿಂದ ಹೇಳ್ತಾನೇ ಇದ್ದಾರೆ. ಬೆಳಗಿಂದ ಸಂಜೆವರೆಗೂ ತೂಕ ಮಾಡೋ ಮನುಷ್ಯನಿಗೆ ಒಂದು ಮೀನನ್ನ ಎರಡು ಮಾಡೋಕೆ ಬರಲಿಲ್ವಲ್ಲ ಅಂತ ನನಗೆ ಆವತ್ತೇ ಬೇಜಾರಾಗಿತ್ತು."

"ಮತ್ತೆ ಅವನನ್ನೇ ಕಟ್ಕೋಬಹುದಿತ್ತಲ್ಲ!"

"ಮುಂದಿನ ವಾರವೇ ಅವರಿಗೆ ವರ್ಗ ಆಯ್ತು. ಕಾಗದಗಳನ್ನ ಹೊಸ ವಿಳಾಸಕ್ಕೆ ಕಳಿಸಿ ಅಂತ ಅರ್ಜಿ ತಂದುಕೊಟ್ರು. ನಾನೇ ಮೊಹರು ಒತ್ತಿದೆ."

ಪಕ್ಕದ ಮೇಜಿನಲ್ಲಿ ಮಗಳು ಕರವಸ್ತ್ರ ಬಾಯಿಗೆ ತುರುಕಿಕೊಂಡು ಅಲುಗಾಡುತ್ತಿದ್ದಳು. ಅಳಿಯ ಮರ್ಯಾದೆಯಿಂದ ಚಾವಣಿಯ ಫ್ಯಾನನ್ನು ಪರಿಶೀಲಿಸುತ್ತಿದ್ದ. ನಿಜ ಹೇಳುತ್ತೇನೆ, ನನಗೆ ತುಂಬಾ ನೋವಾಯಿತು. ಇದ್ದದ್ದು ಒಂದು ಕಥೆ. ಅದರಲ್ಲಿ ಮೀನು ಒಂಬತ್ತು, ನಾಯಕ ವರ್ಗವಾಗಿ ಹೋದ ಕ್ಯಾಷಿಯರು, ನಾನು ಮೂರನೆಯ ಅಭ್ಯರ್ಥಿ. ಕಿಟಕಿಯಾಚೆ ಸಮುದ್ರ ನೋಡುತ್ತ ಕೂತೆ. ಅದೂ ನನ್ನ ಕಡೆ ಇದ್ದ ಹಾಗೆ ಕಾಣಲಿಲ್ಲ.

"ಹಾಗಾದ್ರೆ ನನ್ನನ್ನ ಯಾಕೆ ಒಪ್ಪಿದೆ? ಬೇರೆ ಯಾರೂ ಉಳಿದಿರಲಿಲ್ಲ ಅಂತಲಾ?"

ಅವಳು ಉಪ್ಪಿನ ಡಬ್ಬಿಯನ್ನು ಪಕ್ಕಕ್ಕೆ ಸರಿಸಿದಳು. ಆಮೇಲೆ ಮೊದಲ ಸಲ ನನ್ನ ಮುಖ ನೋಡಿದಳು.

"ಆ ದೋಣಿಯ ದೆಸೆಯಿಂದ."

"ಯಾವ ದೋಣಿ?"

"ಗುರುಗುಟ್ಟಿತಲ್ಲ, ಆ ದೋಣಿ. ಬಂದರಿಗೆ ದೋಣಿ ಬರೋದೆಲ್ಲ ಬೆಳಿಗ್ಗೆ ಅಂತ ನನಗೆ ಗೊತ್ತಿರಲಿಲ್ವಾ? ಆವತ್ತು ಮಧ್ಯಾಹ್ನ ಯಾವ ದೋಣಿಯೂ ಬಂದಿರಲಿಲ್ಲ. ಗುರುಗುಟ್ಟಿದ್ದು ನಿಮ್ಮ ಹೊಟ್ಟೆ. ಮೂರು ಮೇಜಿನಾಚೆ ಕೇಳಿಸ್ತು. ನನ್ನ ತಟ್ಟೆಯಿಂದ ಕಣ್ಣು ಕೀಳೋಕಾಗ್ತಿಲ್ಲ, ಕಿವಿ ಕೆಂಪಾಗಿದೆ, ಆದ್ರೂ ಸೂಪಿನ ಚಮಚ ಹಿಡ್ಕೊಂಡು, ದೋಣಿ ಬಂತು ಅನ್ಸುತ್ತೆ ಅಂತೀರಿ!" ಅವಳಿಗೆ ನಗು ತಡೆಯಲಾಗಲಿಲ್ಲ. ಕಣ್ಣಂಚು ಒರೆಸಿಕೊಂಡಳು. "ಇಷ್ಟು ಕೆಟ್ಟದಾಗಿ ಸುಳ್ಳು ಹೇಳೋ ಗಂಡಸಿನ ಜೊತೆ ಜೀವನಪೂರ್ತಿ ನೆಮ್ಮದಿಯಾಗಿರಬಹುದು ಅನ್ನಿಸ್ತು. ಅಷ್ಟೇ."

ನನ್ನ ಕಿವಿ ಮತ್ತೆ ಕೆಂಪಾಗಿರಬೇಕು. ದೋಣಿಯನ್ನು ಕಥೆಯಲ್ಲಿ ಇಷ್ಟು ವರ್ಷ ಓಡಿಸಿ ಓಡಿಸಿ, ಅದು ನಿಜವಾಗಿಯೂ ಬಂದಿತ್ತು ಎಂದು ನಾನೇ ನಂಬಿದ್ದೆ.

ಅಷ್ಟರಲ್ಲಿ ಯಜಮಾನರು ಎಲ್ಲರಿಗೂ ಸೂಪು, ಬ್ರೆಡ್ಡು ಇಟ್ಟು, ಮೀನಿನ ತಟ್ಟೆ ಹಿಡಿದು ಬಂದರು. "ಹುರಿದ ಮೀನು ಇವತ್ತು ಒಂದೇ ಉಳಿದಿದೆ," ಎಂದರು.

ನಾನು ಸ್ಲೇಟು ನೋಡಿದೆ. ದುಂಡಗೆ ಒಂದು ಎಂದು ಬರೆದಿತ್ತು. ಯಜಮಾನರನ್ನು ನೋಡಿದೆ. ಹೆಂಡತಿಯನ್ನು ನೋಡಿದೆ. ಅವಳು ಅಡ್ಡಡ್ಡ ತಲೆಯಾಡಿಸಿದಳು. "ನಾನೇನೂ ಹೇಳಿಲ್ಲಪ್ಪ."

"ಈ ಸಲ ನಿಜವಾಗ್ಲೂ ಒಂದೇ ಸ್ವಾಮಿ. ಮೊದಲಿನ ಹಾಗೆ ಎಲ್ಲಿ ಸಿಗುತ್ತೆ ಮೀನು?" ಎಂದರು ಯಜಮಾನರು.

ಇವರನ್ನೆಲ್ಲ ನಂಬುವ ಕಾಲ ಮುಗಿದಿತ್ತು. ಅಳಿಯಂದಿರು ನೋಡುತ್ತಿದ್ದಾರೆ, ವರ್ಗವಾದ ಕ್ಯಾಷಿಯರು ಎಲ್ಲೋ ಕೂತು ನೋಡುತ್ತಿದ್ದಾನೆ. ನಾನು ಅಂಗಿಯ ತೋಳು ಮಡಿಸಿದೆ. ಹನ್ನೊಂದು ವರ್ಷ ತಕ್ಕಡಿ ಹಿಡಿದ ಕೈ ಇದು. ತಲೆಯ ಭಾರ ಕಳೆದು, ಬಾಲದ ಹಗುರ ಸೇರಿಸಿ, ಮನಸ್ಸಿನಲ್ಲೇ ತಕ್ಕಡಿಯ ಮುಳ್ಳು ನಿಲ್ಲಿಸಿ, ಉಸಿರು ಹಿಡಿದು ಚಾಕು ಹಾಕಿದೆ. ತೂಕಕ್ಕಿಟ್ಟರೆ ಕೂದಲೆಳೆಯ ವ್ಯತ್ಯಾಸ ಬರುತ್ತಿರಲಿಲ್ಲ. ನಡುವಿನ ಒಳ್ಳೆಯ ಭಾಗ ಅವಳ ತಟ್ಟೆಗೆ, ತಲೆಯ ಕಡೆಯದು ನನ್ನ ತಟ್ಟೆಗೆ.

"ಪರವಾಗಿಲ್ವೇ!" ಎಂದಳು. ಮೂವತ್ತು ವರ್ಷದಲ್ಲಿ ಅವಳ ಬಾಯಿಂದ ಈ ಮಾತು ಕೇಳಿದ್ದು ಮೊದಲ ಸಲ. ನನಗೆ ಎಷ್ಟು ಸಂತೋಷವಾಯಿತೆಂದರೆ ತಿನ್ನುವುದನ್ನೇ ಬಿಟ್ಟು ಪಕ್ಕದ ಮೇಜಿಗೆ ತಿರುಗಿದೆ.

"ನೋಡಿದ್ರಾ ಅಳಿಯಂದಿರೇ? ಇದನ್ನ ಸರಿಯಾಗಿ ನೆನಪಿಟ್ಕೊಳ್ಳಿ. ಇವತ್ತು ಇಲ್ಲಿ, ಇದೇ ಮೇಜಲ್ಲಿ, ಒಂದೇ ಮೀನು ಇದ್ದಾಗ ನಾನು..."

"ಶುರುವಾಯ್ತು," ಎಂದಳು ಮಗಳು.

ಯಾರು ಏನೇ ಅನ್ನಲಿ, ನಾನು ಹೇಳಬೇಕಾದದ್ದನ್ನು ಪೂರ್ತಿ ಹೇಳಿದೆ. ಭಾರ, ಹಗುರ, ಮುಳ್ಳು, ಚಾಕುವಿನ ಓರೆ, ಎಲ್ಲವನ್ನೂ ವಿವರಿಸಿದೆ. ಅಳಿಯ ತಲೆಯಾಡಿಸುತ್ತ ಕೇಳಿದ, ನಡುವೆ ಮಗಳ ತಟ್ಟೆಯಿಂದ ಕೇಳದೆ ಬ್ರೆಡ್ಡು ಎತ್ತಿಕೊಂಡ, ಅವಳೂ ಅವನ ಸೂಪಿಗೆ ಚಮಚ ಹಾಕಿದಳು. ಅವರಿಗೆ ಕಥೆಯೂ ಬೇಕಿರಲಿಲ್ಲ, ತಕ್ಕಡಿಯೂ ಬೇಕಿರಲಿಲ್ಲ. ನಾನು ಮುಗಿಸಿ ಈ ಕಡೆ ತಿರುಗಿದಾಗ ನನ್ನ ತಟ್ಟೆಯಲ್ಲಿ ಒಂದು ಮೀನಿನ ತಲೆ ಮತ್ತು ಹಿಂಡಿದ ನಿಂಬೆಹಣ್ಣಿನ ಹೋಳು ಇತ್ತು.

"ನನ್ನ ಅರ್ಧ ಎಲ್ಲೇ?"

"ನೀವು ಮಾತಾಡ್ತಾ ಇದ್ರಿ. ತಣ್ಣಗಾಗುತ್ತೆ ಅಂತ..." ಎಂದು ಅವಳು ಕಿಟಕಿಯ ಕಡೆ ಮುಖ ತಿರುಗಿಸಿದಳು. ಬೆಳಿಗ್ಗೆ ಹೊರಡುವ ಗಡಿಬಿಡಿಯಲ್ಲಿ ನಾನು ಕುಡಿದದ್ದು ಒಂದು ಲೋಟ ಚಹಾ ಮಾತ್ರ ಎಂದು ಆಗ ನೆನಪಾಯಿತು. ನನಗಿಂತ ಮೊದಲು ನನ್ನ ಹೊಟ್ಟೆಗೆ ನೆನಪಾಯಿತು. ಅದು ದೀರ್ಘವಾಗಿ, ಸ್ಪಷ್ಟವಾಗಿ, ಮೂರು ಮೇಜಿನಾಚೆ ಕೇಳುವಂತೆ ಗುರುಗುಟ್ಟಿತು.

ನನ್ನ ಹೆಂಡತಿ ಸಮುದ್ರದಿಂದ ಕಣ್ಣು ತೆಗೆಯಲಿಲ್ಲ.

"ದೋಣಿ ಬಂತು ಅನ್ಸುತ್ತೆ," ಎಂದಳು.

ನಾನೂ ಬಗ್ಗಿ ನೋಡಿದೆ. ಬಂದರು ಉದ್ದಕ್ಕೂ ಖಾಲಿಯಾಗಿ ಬಿಸಿಲಲ್ಲಿ ಹೊಳೆಯುತ್ತಿತ್ತು, ಒಂದೇ ಒಂದು ದೋಣಿ ಇರಲಿಲ್ಲ.

"ಹೌದು ಕಣೇ, ದೊಡ್ಡದೇ ಬಂದಿದೆ," ಎಂದು ಸೂಪಿನ ಚಮಚ ಎತ್ತಿಕೊಂಡೆ.