ನಮ್ಮ ಮನೆಯ ಎಡೆಗೆ ಬಂದ ಸರ್ಬಿಯಾದ ಜನರಲ್

ಇತಿಹಾಸ ಪಾಠ ಹೇಳುವವನಿಗೆ ಗುಂಡಿಗೆ ಗಟ್ಟಿಯಿರುತ್ತದೆ ಎಂದು ಜನ ತಿಳಿದಿದ್ದಾರೆ. ನನಗಿಲ್ಲ. ನೈರೋಬಿಯ ಕಾಲೇಜಿನಲ್ಲಿ ದಿನಕ್ಕೊಬ್ಬ ರಾಜನ ತಲೆ ತೆಗೆಸಿ ಬರುವ ನಾನು, ಮನೆಯ ಕರೆಗಂಟೆ ಸ್ವಲ್ಪ ಜೋರಾಗಿ ಬಾರಿಸಿದರೂ ಬೆಚ್ಚಿಬೀಳುತ್ತೇನೆ.

ಎಂಬತ್ತರ ದಶಕದ ಕೊನೆಯಲ್ಲಿ ಅಲ್ಲಿನ ಕಿಲೆಲೆಶ್ವಾ ಬಡಾವಣೆಯ ನಮ್ಮ ಫ್ಲ್ಯಾಟಿನ ಮೇಲಿನ ಮನೆಯಲ್ಲಿ ಮಿಲಿತ್ಸಾ ಎಂಬ ಸರ್ಬಿಯಾದ ಮುದುಕಿಯೊಬ್ಬರಿದ್ದರು. ತಮ್ಮ ಮನೆಗೆ ಸುಣ್ಣ ಬಳಿಸುವಾಗ ಅವರು ತಂದೆಯ ಫೋಟೋ ತಂದು, ಉಳಿದಿರುವುದು ಇದೊಂದೇ, ಜೋಪಾನ ಎಂದು ನನ್ನ ಕೈಗಿತ್ತರು. ಕತ್ತಿ, ಪದಕ, ಇಷ್ಟುದ್ದ ಮೀಸೆ. ಏನಾಗಿದ್ದರು ಎಂದು ಕೇಳಿದ್ದೇ ತಪ್ಪಾಯಿತು. ಜನರಲ್ ಸಾಹೇಬರು ಎಳೆಯ ಅಧಿಕಾರಿಯಾಗಿದ್ದಾಗ ಜೊತೆಗಾರರೊಡನೆ ಅರಮನೆಗೆ ನುಗ್ಗಿ ತಮ್ಮದೇ ರಾಜ ರಾಣಿಯರನ್ನು ಮುಗಿಸಿದವರಂತೆ. ಹೊಸ ರಾಜ ಗಲ್ಲಿಗೆ ಹಾಕುವ ಬದಲು ಬಡ್ತಿ ಕೊಟ್ಟನಂತೆ! ಆಮೇಲೆ ತುರ್ಕರ ಮೇಲೊಂದು ಯುದ್ಧ, ಬಲ್ಗೇರಿಯದವರ ಮೇಲಿನ್ನೊಂದು. ಮಹಾಯುದ್ಧದಲ್ಲಿ ಸೋತ ಪಡೆಯನ್ನು ಹಿಮದ ಬೆಟ್ಟ ದಾಟಿಸಿ, ಮತ್ತೆ ಬಂದು ಗೆದ್ದು, ಜನರಲ್ ಆಗಿ, ಕೊನೆಗೆ ಹಾಸಿಗೆಯಲ್ಲೇ ನೆಮ್ಮದಿಯಿಂದ ಸತ್ತರಂತೆ. ಒಂದು ಬಡ್ತಿಗಾಗಿ ವರ್ಷಗಟ್ಟಲೆ ಪ್ರಿನ್ಸಿಪಾಲರಿಗೆ ಸಲಾಮು ಹೊಡೆದ ನಾನು ಆ ಫೋಟೋಗೂ ಒಂದು ಸಲಾಮು ಹೊಡೆದು ಒಳಗಿಟ್ಟೆ.

ಆಗ ಮಂಡ್ಯದಿಂದ ಅಮ್ಮ ಬಂದಿದ್ದಳು. ಪಿತೃಪಕ್ಷ. ಹಿರಿಯರ ಫೋಟೋ ಮುಂದೆ ಅವರವರಿಗೆ ಇಷ್ಟವಾದದ್ದನ್ನು ಎಡೆ ಇಡುವುದು ನಮ್ಮ ಕಡೆಯ ಪದ್ಧತಿ. ಬೀಡಿ ಸೇದುತ್ತಿದ್ದವರಿಗೆ ಬೀಡಿಯೂ ಉಂಟು. ಸಂಜೆ ಮಟಾಟು ವ್ಯಾನು ಇಳಿದು ಬಂದು ನೋಡುತ್ತೇನೆ, ಅಪ್ಪನ ಪಕ್ಕದಲ್ಲಿ ಜನರಲ್! ಹಣೆಗೆ ವಿಭೂತಿ, ಕುಂಕುಮ. ಮುಂದೆ ಮುದ್ದೆ, ಮಟನ್ ಸಾರು. ಅಪ್ಪನ ಎಲೆಯ ಬದಿಗೆ ನಶ್ಯದ ಡಬ್ಬಿ, ಜನರಲ್ಲರ ಎಲೆಯ ಬದಿಗೆ ವಿಸ್ಕಿ ಬಾಟಲಿ. ದಪ್ಪ ಪುಸ್ತಕಗಳ ಹಿಂದೆ ನಾನು ಬಚ್ಚಿಟ್ಟಿದ್ದ ಬಾಟಲಿ. ನಾನು ಕುಡಿಯುವುದಿಲ್ಲವೆಂದು ಮನೆಯವರು ನಂಬಿದ್ದಾರೆ ಎಂದು ನಾನು ನಂಬಿದ್ದೆ.

"ಅಮ್ಮ, ಇವ್ರು ರಾಜನ್ನೇ ಕೊಂದವ್ರು" ಎಂದೆ.

"ಕೊಂದಿರ್ಲಿ. ಮನೇಗ್ ಬಂದಿರೋ ಹಿರೀಕರನ್ನ ಉಪವಾಸ ಕೂರಿಸಿ ನಿಮ್ಮಪ್ಪ ಒಬ್ರಿಗೇ ಬಡಿಸ್ಲಾ?" ಎಂದಳು. ಮಿಲಿಟ್ರಿಯವರಿಗೆ ಅದಿಲ್ಲದೆ ಊಟ ಇಳಿಯದು ಎಂಬುದು ಬಾಟಲಿಯ ಬಗ್ಗೆ ಅವಳ ವಾದ.

ಕುಂಕುಮ ಒರೆಸಲು ಒದ್ದೆ ಬಟ್ಟೆ ಹುಡುಕುವಷ್ಟರಲ್ಲಿ ಕರೆಗಂಟೆಯ ಸದ್ದಾಯಿತು. ಫೋಟೋ ಒಯ್ಯಲು ಮಿಲಿತ್ಸಾ ಬಂದಿದ್ದರು. ಎಡೆ ನೋಡಿ ಹಾಗೇ ನಿಂತುಬಿಟ್ಟರು. ನಂಬಿ ಕೊಟ್ಟ ಒಂದೇ ಒಂದು ಫೋಟೋ. ಹೇಗೆ ಮುಖ ತೋರಿಸಲಿ? ತೊದಲುತ್ತ ವಿಷಯ ಹೇಳಿದೆ. ಅವರ ಕಣ್ಣು ತುಂಬಿತು. ಅವರೂರಲ್ಲೂ ಸತ್ತವರ ದಿನ ಗೋರಿಗೆ ಊಟ, ಬ್ರಾಂದಿ ಒಯ್ಯುತ್ತಾರಂತೆ. ಆಫ್ರಿಕಕ್ಕೆ ಬಂದ ಮೇಲೆ ತಂದೆಗೆ ಒಂದು ತುತ್ತೂ ಇಟ್ಟಿರಲಿಲ್ಲವಂತೆ. ಬಾಟಲಿ ತೆರೆದು ತಂದೆಗೆಂದು ನಾಲ್ಕು ಹನಿ ನೆಲಕ್ಕೆ ಸುರಿದರು. ತಮಗೊಂದಿಷ್ಟು ಬಗ್ಗಿಸಿಕೊಂಡು ಒಂದೇ ಗುಟುಕಿಗೆ ಕುಡಿದರು. ತೆರೆದ ಬಾಯಿಯನ್ನು ಮುಚ್ಚಲು ಅಮ್ಮನಿಗೆ ಸ್ವಲ್ಪ ಹೊತ್ತು ಬೇಕಾಯಿತು. ಆಮೇಲೆ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಮುದ್ದೆ ನುಂಗುವುದನ್ನು ಕಲಿಸಿದಳು.

ಬಡಿಸುತ್ತಿದ್ದ ನನ್ನ ಹೆಂಡತಿ ಬಾಟಲಿಯನ್ನು ಎತ್ತಿಕೊಂಡು ನನ್ನ ಬಳಿ ಬಾಗಿದಳು. "ಮುಂದೆ ನಿಮ್ಮ ಎಡೆಗೆ ಏನಿಡ್ಬೇಕು ಅಂತ ಗೊತ್ತಾಯ್ತು ರೀ. ಅಲ್ಲೀವರ್ಗೂ ಇದು ನನ್ನ ಹತ್ರಾನೇ ಇರ್ಲಿ."

ಸತ್ತು ಅಷ್ಟು ವರ್ಷವಾದರೂ ಮುದುಕ ಹಳೆಯ ಕಸುಬು ಬಿಟ್ಟಿರಲಿಲ್ಲ. ನನ್ನ ಮನೆಗೆ ನುಗ್ಗಿ, ಕತ್ತಿ ಹಿರಿಯದೆ ಯಜಮಾನನನ್ನು ಇಳಿಸಿ, ಕುಂಕುಮದ ಸಮೇತ ಮಗಳ ಕಂಕುಳಲ್ಲಿ ಮೇಲಿನ ಮಹಡಿಗೆ ಬಡ್ತಿ ಪಡೆದು ಹೋದ.