ಅತ್ತೆಯೊಳಗಿನ ಸಿಸ್ಟರ್

ನಮ್ಮ ಸೋದರತ್ತೆ ಒಮ್ಮೆ ಕಾಡಾನೆಯನ್ನು ಬೈದು ಓಡಿಸಿದ್ದಾರೆ. ಅದೇ ಅತ್ತೆ, ಗಿರಣಿಯವನಿಗೆ ಹಿಟ್ಟು ತರಿಯಾಗಿದೆ ಎಂದು ಹೇಳುವ ಧೈರ್ಯವಿಲ್ಲದೆ, ಮನೆಮಂದಿಗೆಲ್ಲ ಒಂದು ವರ್ಷ ತರಿ ಮುದ್ದೆ ತಿನ್ನಿಸಿದ್ದಾರೆ! ಒಂದು ವರ್ಷವೋ, ಆರು ತಿಂಗಳೋ? ನನ್ನ ನೆನಪಿನ ಮೇಲೆ ನನಗೇ ಭರವಸೆ ಸಾಲದು. ಗಂಟಲು ಕೆರೆದದ್ದಂತೂ ಸುಳ್ಳಲ್ಲ.

ಆನೆಯನ್ನು ಬೈದದ್ದು ಅತ್ತೆಯಲ್ಲ, ಸಿಸ್ಟರ್.

ಅತ್ತೆಯದು ಕೇರಳದ ಗಡಿಯ ಕಾಡಂಚಿನಲ್ಲಿ, ಎನ್. ಬೇಗೂರಿನ ಪಕ್ಕದ ಹಳ್ಳಿ. ಚೊಚ್ಚಲ ಹೆರಿಗೆಗೆ ಸೇರಿದ್ದ ಆಸ್ಪತ್ರೆಯಲ್ಲಿ ಕೇರಳದ ನರ್ಸೊಬ್ಬರಿದ್ದರಂತೆ. ಅವರು ಬಂದರೆ ಡಾಕ್ಟರೂ ಎದ್ದು ನಿಲ್ಲುತ್ತಿದ್ದರಂತೆ! ಅತ್ತೆ ಮಗುವಿನ ಜೊತೆಗೆ ಆ ಸಿಸ್ಟರನ್ನೂ ಮನೆಗೆ ತಂದುಬಿಟ್ಟರು. ಹೆದರಿಕೆ ಎದುರಾದಾಗಲೆಲ್ಲ ಅವರಂತೆಯೇ ಕೈಗಡಿಯಾರವನ್ನು ಅಂಗೈ ಕಡೆಗೆ ತಿರುಗಿಸಿ, ಸೆರಗು ಸಿಕ್ಕಿಸಿ, ಮಲಯಾಳದ ರಾಗದಲ್ಲಿ ಕನ್ನಡ ಶುರು: "ಎಂದಾ ಇದು? ಎಲ್ಲಾರೂ ಲೈನಾಗಿ ನಿಲ್ಲಿ!" ಮಲಯಾಳದಲ್ಲಿ 'ಎಂದಾ' ಎಂದರೆ 'ಏನು'. ಸೊಸೈಟಿಯ ಸೀಮೆಎಣ್ಣೆ ಸಾಲು ಪರೇಡಿನಂತೆ ನೆಟ್ಟಗಾಗುತ್ತಿತ್ತು.

ಒಮ್ಮೆ ತಾಲ್ಲೂಕು ಕೇಂದ್ರವಾದ ಕೋಟೆಗೆ ಹೋಗುವ ಬಸ್ಸಿನಲ್ಲಿ ಸೀಟಿಗಾಗಿ ಸಿಸ್ಟರ್ ಆದರು. ಸೀಟೇನೋ ಸಿಕ್ಕಿತು. ಪಕ್ಕದ ಯಜಮಾನರು ಅಂಗಿ ಎತ್ತಿ, "ಸಿಸ್ಟ್ರೇ, ಈ ಕುರ ವಸಿ ನೋಡ್ರವ್ವ" ಎಂದು ಬೆನ್ನು ತಿರುಗಿಸಿದರು! ಅತ್ತೆ ಕದಲಲಿಲ್ಲ. ದಾರಿಯುದ್ದಕ್ಕೂ ಕುರು ನೋಡುತ್ತ ಕುಳಿತು, "ಬಿಸಿನೀರಲ್ಲಿ ತೊಳಿ" ಎಂದು ಹೇಳಿ ಇಳಿದರು.

ಇನ್ನು ಆನೆ. ಬೆಳಗಿನ ಹೊತ್ತು ಹಿತ್ತಲಿಗೆ ಬಂದು ಬಾಳೆ ಮುರಿಯುತ್ತಿತ್ತಂತೆ. ಅತ್ತೆ ಗಡಿಯಾರ ತಿರುಗಿಸಿ, "ಎಂದಾ ಇದು? ವಿಸಿಟಿಂಗ್ ಟೈಮ್ ಮುಗೀತು, ಹೊರಗೆ ಹೋಗಿ!" ಎಂದು ಕೂಗಿದರಂತೆ. ಆನೆ ಹೋಯಿತು. ಬೈಗುಳಕ್ಕೆ ಹೋಯಿತೋ, ಬಾಳೆ ಮುಗಿದು ಹೋಯಿತೋ, ನನಗೆ ಅನುಮಾನವಿದೆ. ಮಾವನಿಗೆ ಇರಲಿಲ್ಲ.

"ಅದು ಕೇರಳದ ಕಡೆ ಆನೆ ಕಣ್ಲಾ. ಭಾಸೆ ಗೊತ್ತಾಯ್ತು, ಒಂಟೋಯ್ತು!"

ಮಾವನಿಗೆ ಸಿಸ್ಟರ್ ಎಂದರೆ ಸದಾ ತಮಾಷೆ. ನನಗೆ ಮಾತ್ರ ತಲೆನೋವು. ಆಗ ಮೈಸೂರಿನಲ್ಲಿ ಎಂ.ಎ. ಓದುತ್ತಿದ್ದೆನಲ್ಲ, ಮನಸ್ಸಿನ ಬಗ್ಗೆ ನಾಲ್ಕು ಪುಸ್ತಕ ತಿರುವಿದ್ದೆ. ಸುಮ್ಮನಿರಲಾದೀತೇ?

"ಅತ್ತೆ, ಈ ವೇಷ ಯಾಕೆ? ಧೈರ್ಯ ನಿಮ್ಮೊಳಗೇ ಇದೆ" ಎಂದೆ.

ಅತ್ತೆ ಮೊರದಲ್ಲಿದ್ದ ಹುರುಳಿಯಿಂದ ತಲೆಯೆತ್ತಲಿಲ್ಲ. "ಒಳಗೆ ನೋಡ್ದೆ ಕಣಪ್ಪ. ಇಲ್ಲ."

ನಾನೂ ಮೊರದ ಪಕ್ಕ ಕುಳಿತು ಕಲ್ಲು ಆರಿಸತೊಡಗಿದೆ.

ಆಮೇಲೆ ಮಾವನಿಗೆ ಹೊಟ್ಟೆನೋವು ಶುರುವಾಯಿತು. ಊರಿನ ಮದ್ದಾಯಿತು, ಕೋಟೆಯ ಮಾತ್ರೆಯಾಯಿತು, ಕೊನೆಗೆ ಮೈಸೂರಿನ ದೊಡ್ಡ ಆಸ್ಪತ್ರೆ. ಪರೀಕ್ಷೆಗಳೆಲ್ಲ ಮುಗಿದ ದಿನ ನನಗೆ ಗೊತ್ತಿದ್ದದ್ದು ಇಷ್ಟೇ: ಡಾಕ್ಟರು ಹನ್ನೊಂದಕ್ಕೆ ವಾರ್ಡಿಗೆ ಬರುತ್ತಾರೆ, ಮಾವ ಉಳಿಯುತ್ತಾರೋ ಇಲ್ಲವೋ ಎಂದು ಯಾರಾದರೂ ಕೇಳಬೇಕು. ನಾನು ಕೇಳಬಹುದಿತ್ತು. ಎಂ.ಎ. ಓದುತ್ತಿದ್ದ ನಾನು ಅತ್ತೆಯ ಮುಖ ನೋಡಿದೆ. "ನಾನೇ ಕೇಳ್ತೀನಿ ಬುಡು" ಎಂದ ಅತ್ತೆ ಗಡಿಯಾರ ತಿರುಗಿಸಿದರು.

ಡಾಕ್ಟರು ಬಂದರು. ಹಿಂದೆ ಒಬ್ಬಳು ಎಳೆಯ ನರ್ಸು. ಅತ್ತೆ ಅಡ್ಡ ನಿಂತು, "ಎಂದಾ ಡಾಕ್ಟ್ರೇ, ನಮ್ಮ ಪೇಷೆಂಟ್..." ಎಂದರು ನೋಡಿ, ಆ ಹುಡುಗಿಯ ಮುಖ ಅರಳಿಬಿಟ್ಟಿತು! ಎಷ್ಟು ದಿನವಾಗಿತ್ತೋ ತನ್ನವರ ದನಿ ಕೇಳಿ. ಓಡಿಬಂದು ಅತ್ತೆಯ ಕೈಹಿಡಿದು, "ಚೇಚೀ, ನಾಟ್ಟಿಲ್ ಎವಿಡೆಯಾ?" ಎಂದಳು. ಅಕ್ಕಾ, ಯಾವೂರು ಎಂದು ಕೇಳಿರಬೇಕು. ಆಮೇಲೆ ಬಂದದ್ದು ಶುದ್ಧ ಮಲಯಾಳದ ಪ್ರವಾಹ.

ಅತ್ತೆಗೆ 'ಎಂದಾ' ಬಿಟ್ಟರೆ ಒಂದು ಪದವೂ ಗೊತ್ತಿಲ್ಲ! ಇಪ್ಪತ್ತು ವರ್ಷ ರಾಗ ಹಾಡಿದ್ದರು, ಭಾಷೆ ಕಲಿತಿರಲಿಲ್ಲ. ಹುಡುಗಿ ಉತ್ತರಕ್ಕೆ ಕಾದಳು. ಡಾಕ್ಟರೂ ಒಂದು ಗಳಿಗೆ ಕಾದು, ಪಕ್ಕದ ಮಂಚಕ್ಕೆ ಹೋದರು, ಅಲ್ಲಿಂದ ಹೊರಟೇ ಹೋದರು. ಅತ್ತೆ ಗಡಿಯಾರ ಬಿಚ್ಚಿ ಸೊಂಟಕ್ಕೆ ಸಿಕ್ಕಿಸಿಕೊಂಡರು. ಈ ವೇಷ ಯಾಕೆ ಎಂದು ಕೇಳಿದ್ದ ನಾನು ಅಂದು ಎಲ್ಲಿ ನೋಡಬೇಕೆಂದು ತಿಳಿಯದೆ ಕಿಟಕಿಯ ಕಡೆ ತಿರುಗಿದೆ.

ಹಾಗಾಗಿ ಮುಂದಿನದನ್ನು ನಾನು ಕಂಡಿಲ್ಲ, ಕೇಳಿದ್ದೇನೆ. ಕೇಳಿದ್ದೇನೆ ಎಂದುಕೊಂಡಿದ್ದೇನೆ.

"ಡಾಕ್ಟ್ರು ಏನಂದ್ರಮ್ಮೀ?" ಆಗಷ್ಟೇ ಎಚ್ಚರವಾದ ಮಾವನ ದನಿ.

"ಕೇಳಕೆ ಆಗ್ನಿಲ್ಲ."

"ನಿನ್ ಸಿಸ್ಟ್ರು ಎಲ್ಲೋದ್ರು?"

"ಇಲ್ಲ ಕಣ್ರೀ. ನಾನೊಬ್ಳೇ ಇವ್ನಿ."

"ಎದ್ರಿಕೆ ಆಯ್ತದಾ?"

"ಊಂ."

ಮಂಚ ಕಿರುಗುಟ್ಟಿತು. ಮಾವ ಪಕ್ಕಕ್ಕೆ ಸರಿದು ಜಾಗ ಮಾಡಿರಬೇಕು.

"ನಂಗೂವೆ. ಬಾ, ಇಲ್ಲಿ ಕುಂತ್ಕೊ. ಇಬ್ರೂ ಒಟ್ಗೇ ಎದ್ರುಕಳವ."