ಹೊಸ ಬಚ್ಚಲೊಲೆ, ಹಳೇ ಹಂಡೆ

ಇನ್ನೊಬ್ಬರ ಬಚ್ಚಲುಮನೆಗೆ ಕೈ ಹಾಕಿದವರಿಗೆ ಏನಾದರೂ ಒಂದು ಆಗುತ್ತಲೇ ಇರುತ್ತದೆ. ಅಡಿಗೆಮನೆಯಲ್ಲಿ ಎಡವಟ್ಟಾದರೆ ಸಾರು ಕೆಡುತ್ತದೆ, ಅಷ್ಟೆ. ಬಚ್ಚಲಲ್ಲಿ ಎಡವಟ್ಟಾದರೆ ಟವೆಲ್ಲು ಸುತ್ತಿಕೊಂಡ ಮನುಷ್ಯ ಓಡಿ ಹೊರಗೆ ಬರುತ್ತಾನೆ.

ಎಂಬತ್ತರ ದಶಕದಲ್ಲಿ ನಾನು ಕಡೂರು, ತರೀಕೆರೆ, ಅಜ್ಜಂಪುರದ ಕಡೆ ಗ್ರಾಮಸೇವಕಿಯಾಗಿದ್ದೆ. ಆಗೆಲ್ಲ ಮನೆ ಮನೆಯಲ್ಲೂ ತಾಮ್ರದ ಹಂಡೆ. ಅದರ ಕೆಳಗೆ ಆಳುದ್ದದ ಕೊರಡು ತುರುಕಿ ಬೆಂಕಿ ಹಾಕಿದರೆ ಕಾವಿನಲ್ಲಿ ಅರ್ಧ ಗೋಡೆಗೆ, ಕಾಲು ಭಾಗ ಸೂರಿಗೆ, ಉಳಿದದ್ದು ನೀರಿಗೆ. ಹೊಗೆ ಮಾತ್ರ ಪೂರ್ತಿಯಾಗಿ ಹೆಂಗಸರ ಕಣ್ಣಿಗೆ. ನಾವು ಹೇಳಿಕೊಡುತ್ತಿದ್ದ ಹೊಸ ಒಲೆಯಲ್ಲಿ ಹಂಡೆಯ ಸುತ್ತ ಇಟ್ಟಿಗೆ ಗೋಡೆ, ಕೆಳಗೆ ಕಬ್ಬಿಣದ ಜಾಲರಿ, ಹಿಂದುಗಡೆ ಸೂರಿನಿಂದಾಚೆಗೆ ಹೊಗೆ ಒಯ್ಯುವ ಕೊಳವೆ. ಒಂದು ಹಿಡಿ ತೊಗರಿ ಕಡ್ಡಿ, ನಾಲ್ಕು ತೆಂಗಿನ ಗರಿ ಹಾಕಿದರೆ ನೀರು ಕಾಯುತ್ತಿತ್ತು. ಕಟ್ಟುವವರು ತರೀಕೆರೆಯ ಮೇಸ್ತ್ರಿ ಸಾಬರು. ಮನೆಯಲ್ಲಿ ದಖನಿ ಉರ್ದು, ಗಾರೆ ಕೆಲಸಕ್ಕೆ ಬಂದರೆ ನಮಗಿಂತ ಚೆಂದದ ಕನ್ನಡ. ಅವರದು ಕೈ ಕೆಲಸ, ನನ್ನದು ಬಾಯಿ ಕೆಲಸ. ಜನ ನನ್ನ ಹೆಸರನ್ನೇ ಮರೆತು 'ಒಲೆ ಮೇಡಂ' ಅನ್ನುತ್ತಿದ್ದರು.

ಯಾರ್ ಹೋದ್ರು?

ಹಿರೇನಲ್ಲೂರಿನ ಹತ್ತಿರದ ಒಂದು ಹಳ್ಳಿ. ಆ ಊರಿನಲ್ಲಿ ಮೊದಲು ಒಲೆ ಕಟ್ಟಿಸಿಕೊಂಡವಳು ಒಬ್ಬ ಸೊಸೆ. ಅವಳ ಮಾವನಿಗೆ ಉಬ್ಬಸ. ಬಚ್ಚಲಿನ ಹೊಗೆ ನಡುಮನೆಗೆ ನುಗ್ಗಿದರೆ ಮುದುಕರು ಬೆಳಗ್ಗೆಯೆಲ್ಲ ಗೋಡೆ ಹಿಡಿದುಕೊಂಡು ಕೆಮ್ಮುತ್ತಿದ್ದರು. ಆ ತಿಂಗಳು ಹಾಸಿಗೆಯನ್ನೇ ಹಿಡಿದಿದ್ದರು. "ಹೊಗೆ ಒಂದು ಇಲ್ದಂಗೆ ಮಾಡ್ಕೊಡಿ ಮೇಡಂ, ನಮ್ಮಾವ ಎದ್ದು ಕೂತ್ರೆ ಸಾಕು" ಎಂದು ಅವಳು ಕೇಳಿಕೊಂಡಳು. ಕಟ್ಟಿದೆವು. ಮಣ್ಣು ಒಣಗುವವರೆಗೆ ಪಕ್ಕದಲ್ಲೇ ಮೂರು ಕಲ್ಲಿಟ್ಟು ನೀರು ಕಾಯಿಸಿಕೋ, ಇಂಥ ದಿನ ಬೆಳಗ್ಗೆ ಇದನ್ನು ಹೊತ್ತಿಸು ಎಂದು ಹೇಳಿ ಬಂದೆವು.

ಆ ದಿನ ಬೆಳಗಿನ ಬಸ್ಸಿಗೇ ನಾನೂ ಮೇಸ್ತ್ರಿಗಳೂ ನೋಡಲು ಹೋದರೆ, ಮನೆ ಮುಂದೆ ಜನ! ಗಂಡಸರು ತಲೆ ತಗ್ಗಿಸಿ ನಿಂತಿದ್ದಾರೆ. ಹೆಂಗಸರು ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಾರೆ. ಎದುರುಮನೆಯಾಕೆ, ಪಾಪ ಮಕ್ಕಳು ಹಸಿದಿರುತ್ತವೆ ಎಂದು ಬಟ್ಟೆಯಲ್ಲಿ ರೊಟ್ಟಿ ಕಟ್ಟಿಕೊಂಡು ಬಂದಿದ್ದಾಳೆ. ಹೊಸ ಒಲೆ ಹೊತ್ತಿಸಿದ ದಿನವೇ ಮುದುಕರು ಹೋದರೆ, ಇನ್ನು ಈ ಹೋಬಳಿಯಲ್ಲಿ ನಮ್ಮನ್ನು ಯಾರು ಹೊಸ್ತಿಲು ತುಳಿಯಲು ಬಿಡುತ್ತಾರೆ? ಅದಕ್ಕಿಂತ ಹೆಚ್ಚಾಗಿ, ಆ ಸೊಸೆಯ ಮುಖ ಹೇಗೆ ನೋಡುವುದು? ಮೇಸ್ತ್ರಿಗಳು ತಲೆಯ ಮೇಲಿನ ವಸ್ತ್ರ ಸರಿಮಾಡಿಕೊಂಡು, "ಮೇಡಂ, ನೀವೇ ಮುಂದೆ ನಡೀರಿ" ಎಂದು ನನ್ನ ಹಿಂದೆ ಸರಿದರು.

ಸೊಸೆ ಹಿತ್ತಲಲ್ಲಿ ಹಾಲು ಕರೆಯುತ್ತಿದ್ದಳಂತೆ. ಅವಳಿಗೆ ಇದೊಂದೂ ಗೊತ್ತಿಲ್ಲ. ಜನ ಒಳಗೆ ಹೋಗಲೋ ಬೇಡವೋ ಎಂದು ನೋಡುತ್ತಿರುವಾಗ ಬಚ್ಚಲ ಬಾಗಿಲು ಕಿರ್ ಎಂದಿತು. ತಲೆಗೆ ಟವೆಲ್ಲು ಸುತ್ತಿಕೊಂಡು, ಭುಜದಿಂದ ಹಬೆ ಏಳಿಸುತ್ತಾ ಮುದುಕರೇ ಬಂದರು! ಜನರನ್ನು ನೋಡಿ ಗಾಬರಿಯಾಗಿ, "ಯಾರ್ ಹೋದ್ರೋ?" ಎಂದರು.

ರೊಟ್ಟಿ ತಂದಾಕೆಯೇ ಮುಂದೆ ಬಂದು ಹೇಳಿದಳು: "ನೀವೇ ಅಂದ್ಕೊಂಡ್ವಿ ಗೌಡ್ರೆ. ದಿನಾ ಹೆಂಚಿನ ಸಂದೀಲಿ ಹೊಗೆ ಬರೋದು. ಇವತ್ತು ಎಷ್ಟೊತ್ತಾದ್ರೂ ಕಾಣ್ಲಿಲ್ಲ. ಒಲೆ ಹಚ್ಚಿಲ್ಲ ಅಂದ್ಮೇಲೆ ಇನ್ನೇನು..."

ಮುದುಕರು ಒಂದು ಸಲ ಎದೆ ತುಂಬ ಉಸಿರೆಳೆದುಕೊಂಡರು. ಕೆಮ್ಮು ಬರಲಿಲ್ಲ. ನಾನೂ ಆಗಲೇ ಉಸಿರು ಬಿಟ್ಟೆ.

"ಹೋಗಿರೋದು ಹೊಗೆ ಕಣ್ರೋ, ನಾನಲ್ಲ! ತಂದಿದ್ದು ತಂದಿದೀಯ, ರೊಟ್ಟಿ ಆರೋಗೋಕ್ ಮುಂಚೆ ಕೊಡವ್ವ."

ಅಳಿಯನ ಎಣ್ಣೆಸ್ನಾನ

ಇದು ಇನ್ನೊಂದು ಮನೆಯದು, ನನಗೆ ಹೇಳಿದವಳು ಅಲ್ಲಿನ ಮಗಳೇ. ಅಜ್ಜಂಪುರದ ಕಡೆಯವಳು. ಮದುವೆಯಾದ ಮೊದಲ ದೀಪಾವಳಿಗೆ ಗಂಡನನ್ನು ಕರೆದುಕೊಂಡು ತವರಿಗೆ ಬಂದಿದ್ದಳು. ಮದುವೆಯಲ್ಲಿ ಏನೋ ಉಪಚಾರ ಕಡಿಮೆಯಾಯಿತೆಂದು ಬೀಗರು ಮುನಿಸಿಕೊಂಡಿದ್ದರು. ಈ ಹಬ್ಬದಲ್ಲಾದರೂ ಅಳಿಯ ನಗುನಗುತ್ತಾ ಹೋದರೆ ಸಾಕು ಎಂದು ಅವಳಪ್ಪ ಹರಕೆ ಹೊತ್ತಂತೆ ಕಾಯುತ್ತಿದ್ದರು.

ಆ ಮನೆಗೂ ಹೊಸ ಒಲೆ ಕಟ್ಟಿ, ಅವಳಮ್ಮನಿಗೆ, ಅಂದರೆ ಅಳಿಯನ ಅತ್ತೆಗೆ, ನಾನು ಖುದ್ದಾಗಿ ಹೇಳಿ ಬಂದಿದ್ದೆ, ಈ ಒಲೆಗೆ ಕೊರಡು ಬೇಡ, ಕಡ್ಡಿ ಸಾಕು ಎಂದು. ಬೇರೆ ದಿನ ಆಕೆ ಹಾಗೇ ಮಾಡುತ್ತಿದ್ದರು. ಆದರೆ ಅಂದು ಬಂದಿರುವವನು ಅಳಿಯ. "ಅಳಿಯನ ನೀರಿಗೆ ಕಡ್ಡಿ ಹಾಕ್ತಾರೇನೇ? ನೋಡಿದೋರು ಏನಂದಾರು?" ಎಂದು ಮಗಳನ್ನು ಗದರಿ, ಅಟ್ಟದ ಮೇಲಿದ್ದ ಹುಣಸೆ ಕೊರಡನ್ನೆಲ್ಲ ಇಳಿಸಿ ತುರುಕಿದರು. ಹಳೇ ಒಲೆಯಲ್ಲಿ ಅಷ್ಟು ಹಾಕಿದರೂ ನೀರು ಉಗುರು ಬೆಚ್ಚಗಾಗುತ್ತಿತ್ತು. ಹೀಗಾಗಿ ತಣ್ಣೀರು ಬೆರೆಸುವ ಪದ್ಧತಿಯೇ ಆ ಮನೆಯಲ್ಲಿರಲಿಲ್ಲ. ಬಚ್ಚಲಲ್ಲಿ ತಣ್ಣೀರಿನ ಒಂದು ಬಿಂದಿಗೆಯೂ ಇರಲಿಲ್ಲ.

ಅಳಿಯನಿಗೆ ನೆತ್ತಿಯಿಂದ ಪಾದದವರೆಗೆ ಹರಳೆಣ್ಣೆ ತಿಕ್ಕಿ ಒಳಗೆ ಕಳಿಸಿದರು. ಹಂಡೆಯ ಮುಚ್ಚಳ ತೆಗೆದದ್ದೇ ತಡ, ಬಚ್ಚಲೆಲ್ಲ ಹಬೆ. ಅವನು ಹುಷಾರಿನವನು, ಮೈಗೆ ಹುಯ್ದುಕೊಳ್ಳದೆ ಬೆರಳ ತುದಿ ಅದ್ದಿ ನೋಡಿದ. ಅಷ್ಟಕ್ಕೇ "ಅಯ್ಯಯ್ಯೋ!" ಎಂದು ಕೂಗಿ, ಟವೆಲ್ಲು ಸುತ್ತಿಕೊಂಡು ಈಚೆಗೆ ಹಾರಿದ. ಅಂಗಾಲಿಗೆಲ್ಲ ಎಣ್ಣೆ. ನಡುಮನೆಯ ನೆಲಕ್ಕೆ ಅಂದೇ ಸಾರಿಸಿ ಒರೆಸಿದ ಹೊಳಪು. ಈ ತುದಿಯಲ್ಲಿ ಜಾರಿದವನು ಆ ತುದಿಯಲ್ಲಿ ನಿಂತ, ಅಂದರೆ ಕೂತ, ಹೂ ಕಟ್ಟುತ್ತಿದ್ದ ನಾದಿನಿಯರ ನಡುವೆ.

ಮಾವನವರ ಮುಖ ಸುಣ್ಣದಂತಾಯಿತು. ಅತ್ತೆ ಬಾಗಿಲ ಹಿಂದೆ ಹೋದರು. ಹೆಂಡತಿ ಓಡಿ ಬಂದು ಗಂಡನ ಕೈ ಹಿಡಿದು ನೋಡಿದಳು. ಬೆರಳ ತುದಿ ಒಂದಿಷ್ಟು ಕೆಂಪಾಗಿತ್ತು, ಬೊಬ್ಬೆಯೇನೂ ಎದ್ದಿರಲಿಲ್ಲ. ಇನ್ನು ಇವನು ಎದ್ದು ಬಟ್ಟೆ ಹಾಕಿಕೊಂಡು ಬಸ್‌ಸ್ಟ್ಯಾಂಡಿಗೆ ನಡೆಯುತ್ತಾನೆ ಎಂದು ಎಲ್ಲರೂ ನೋಡುತ್ತಿದ್ದರು.

ಅವನು ಟವೆಲ್ಲು ಬಿಗಿಮಾಡಿಕೊಂಡು, ಬಾಗಿಲ ಹಿಂದಿದ್ದ ಅತ್ತೆಯ ಕಡೆ ತಿರುಗಿ, ನಗು ತಡೆಯಲಾರದೆ ಕೇಳಿದ: "ಅತ್ತೆ, ಈ ಹಬ್ಬಕ್ಕೆ ನನಗೆ ಸ್ನಾನ ಮಾಡಿಸ್ತೀರೋ, ಬೇಯಿಸಿ ಬೀಗರಿಗೆ ಬಡಿಸ್ತೀರೋ?"

ಗೆಣಸಿನ ಪ್ರಶ್ನೆ

ಬುಕ್ಕಾಂಬುಧಿಯಲ್ಲಿ ಒಬ್ಬ ಅಜ್ಜಿ ನನ್ನ ಭಾಷಣವನ್ನೆಲ್ಲ ಕೇಳಿ, ಸೌದೆ ಉಳಿತಾಯ, ಕಣ್ಣಿನ ಆರೋಗ್ಯ ಎಲ್ಲಕ್ಕೂ ತಲೆದೂಗಿ, ಕೊನೆಗೆ ಒಂದೇ ಪ್ರಶ್ನೆ ಹಾಕಿದರು.

"ಎಲ್ಲಾ ಸರಿ ಕಣವ್ವ. ಗೆಣಸು ಎಲ್ಲಿ ಸುಡೋದು?"

ಹಳೇ ಬಚ್ಚಲೊಲೆಯ ಬೂದಿಯಲ್ಲಿ ಗೆಣಸು, ಕಡಲೆಕಾಯಿ, ಹಲಸಿನ ಬೀಜ ಹುದುಗಿಸಿಡುವುದು, ಮೊಮ್ಮಕ್ಕಳು ಸುತ್ತ ಕೂತು ಕಾಯುವುದು. ನಮ್ಮ ಒಲೆಯ ಬಾಯಿ ಚಿಕ್ಕದು, ಬೂದಿಯೆಲ್ಲ ಜಾಲರಿಯ ಕೆಳಗೆ ಬೀಳುತ್ತದೆ. ಅಜ್ಜಿ ಒಪ್ಪದಿದ್ದರೆ ಆ ಬೀದಿಯಲ್ಲಿ ಯಾರೂ ಒಪ್ಪುವುದಿಲ್ಲ. ನಾನು ಪೆಚ್ಚಾಗಿ ನಿಂತಿರುವಾಗ ಮೇಸ್ತ್ರಿಗಳು, "ಅಜ್ಜೀ, ಬೂದಿ ಬೀಳೋ ಗೂಡನ್ನ ಒಂದು ಗೇಣು ಅಗಲ ಮಾಡ್ತೀನಿ, ಕೈ ಹಾಕೋ ಹಂಗೆ. ಆಯ್ತಾ?" ಎಂದರು. ಅಜ್ಜಿ ಬಾಗಿ ನೋಡಿ, ತಮ್ಮ ಕೈಯನ್ನೇ ಅಳತೆ ಕೊಟ್ಟರು. ಆಮೇಲೆ ಬೀದಿಗೆ ಬೀದಿಯೇ ಕಟ್ಟಿಸಿಕೊಂಡಿತು.

ಕೆಲವು ತಿಂಗಳ ನಂತರ ಮೇಲಿನ ಅಧಿಕಾರಿಯೊಬ್ಬರು ಬಂದು ಅಜ್ಜಿಯನ್ನು ಕೇಳಿದರು: "ಹೊಸ ಒಲೆಯಿಂದ ಏನು ಉಪಯೋಗ ಆಯ್ತಮ್ಮ?"

"ಮುಂಚೆ ಸೀದೋಗೋವು ಸ್ವಾಮಿ. ಈಗ ಹದವಾಗಿ ಬೇಯ್ತಾವೆ" ಎಂದರು ಅಜ್ಜಿ. ಅಧಿಕಾರಿ ಗಾಬರಿಯಿಂದ ನನ್ನ ಮುಖ ನೋಡಿದರು: "ಇವರು ಬಚ್ಚಲಲ್ಲಿ ಏನು ಬೇಯಿಸ್ತಾರ್ರೀ?"

ಬಿಸಿಲಿನ ಯಂತ್ರ

ದಶಕದ ಕೊನೆಯ ಹೊತ್ತಿಗೆ ಕಡೂರಿನ ಒಂದು ಹೆಣ್ಣುಮಕ್ಕಳ ಹಾಸ್ಟೆಲಿನ ಮೇಲೆ ಬಿಸಿಲಿನಿಂದ ನೀರು ಕಾಯಿಸುವ ಯಂತ್ರ ಕೂರಿಸಿದರು. ಕಪ್ಪು ತಗಡಿನ ಮೇಲೆ ದೊಡ್ಡ ಗಾಜು, ಪಕ್ಕದಲ್ಲಿ ಒಂದು ಡ್ರಮ್ಮು. ಸೌದೆಯೇ ಬೇಡ. ನೀರು ಕಾಯಿಸುವ ವಿಷಯ ಅಂದಮೇಲೆ ಒಲೆ ಮೇಡಂ ಇದ್ದಾರಲ್ಲ ಎಂದು ಅದರ ಉಸ್ತುವಾರಿಯೂ ನನಗೇ ಬಂತು.

ಮೊದಲ ವಾರ ಹುಡುಗಿಯರು ಹಾಡಿಕೊಂಡು ಸ್ನಾನ ಮಾಡಿದರು. ಆಮೇಲೆ ಇದ್ದಕ್ಕಿದ್ದಂತೆ ನೀರು ತಣ್ಣಗೆ. ಬೇಸಿಗೆ ಬಿಸಿಲು ಹೆಂಚು ಸೀಳುವಂತಿದೆ, ನೀರು ಮಾತ್ರ ಬಾವಿಯ ನೀರಿನ ಹಾಗೆ! ಎಂಜಿನಿಯರ್ ಬಂದು ನೋಡುತ್ತಾರಂತೆ, ಸರಿಹೋಗದಿದ್ದರೆ ಬಿಚ್ಚಿ ಬೇರೆ ತಾಲ್ಲೂಕಿಗೆ ಒಯ್ಯುತ್ತಾರಂತೆ ಎಂದು ಸುದ್ದಿಯಾಯಿತು. ಹುಡುಗಿಯರು ನನ್ನನ್ನು ಸುತ್ತುಗಟ್ಟಿದರು. "ಮೇಡಂ, ಏನಾದ್ರೂ ಮಾಡಿ, ಪರೀಕ್ಷೆ ಟೈಮಲ್ಲಿ ಮತ್ತೆ ಸೌದೆ ಹೊರೋಕೆ ನಮ್ಮ ಕೈಲಾಗಲ್ಲ." ಆ ಮಕ್ಕಳು ಸರದಿಯ ಮೇಲೆ ಸೌದೆ ಹೊತ್ತದ್ದನ್ನು ನಾನೇ ನೋಡಿದ್ದೆ.

ಎಂಜಿನಿಯರ್ ಬಂದರು. ಕೆಳಗೆ ಪೈಪು ತಟ್ಟಿದರು, ನಲ್ಲಿ ತಿರುಗಿಸಿದರು, ತಲೆ ಕೆರೆದುಕೊಂಡರು. ಕೊನೆಗೆ ಏಣಿ ಹಾಕಿಸಿ ಮೇಲೆ ಹತ್ತಿದರು. ನಾನು ಸೆರಗು ಸಿಕ್ಕಿಸಿಕೊಂಡು ಹಿಂದೆಯೇ ಹತ್ತಿದೆ. ಅವರು ಮೇಲಿನ ಮೆಟ್ಟಿಲಲ್ಲೇ ನಿಂತುಬಿಟ್ಟರು. ಅಷ್ಟರಲ್ಲಿ ಕೆಳಗಿನಿಂದ ಅಡಿಗೆಯಮ್ಮ ಕೂಗಿದರು:

"ಸಾರ್, ಹುಷಾರು! ತುಳಿದುಬಿಟ್ಟೀರಿ, ಇನ್ನೂ ಹಸಿ ಅವೆ!"

ಗಾಜಿನ ಮೇಲೆ ಈ ತುದಿಯಿಂದ ಆ ತುದಿಯವರೆಗೆ ಬಿಳಿಯ ಸೀರೆ, ಸೀರೆಯ ಮೇಲೆ ಸಾಲು ಸಾಲು ಅಕ್ಕಿ ಸಂಡಿಗೆ. ಕೊನೆಯ ಸಾಲಿನಲ್ಲಿ ಮಜ್ಜಿಗೆ ಮೆಣಸಿನಕಾಯಿ. ಹೊರಗೆ ಹಾಕಿದರೆ ಧೂಳು, ಕಾಗೆ. ಇಲ್ಲಾದರೆ ಸರಿಯಾಗಿ ಬಿಸಿಲಿಗೇ ಮುಖ ಮಾಡಿದೆ, ಹದವಾದ ಇಳಿಜಾರೂ ಇದೆ!

ನನಗೆ ಹೋದ ಜೀವ ಬಂದಂತಾಯಿತು. ಯಂತ್ರ ಕೆಟ್ಟಿರಲಿಲ್ಲ. ಸಂಡಿಗೆ ತೆಗೆಸಿದೆವು, ಮಾರನೆಯ ಬೆಳಗ್ಗೆ ನಲ್ಲಿಯಲ್ಲಿ ಹಬೆಯಾಡುವ ನೀರು ಬಂತು. ಎಂಜಿನಿಯರ್ ಹೊರಡುವ ಮುಂಚೆ ಅಡಿಗೆಯಮ್ಮ ಮೊದಲೇ ಒಣಗಿಸಿಟ್ಟಿದ್ದ ಸಂಡಿಗೆ ಕರಿದು ತಟ್ಟೆಯ ತುಂಬ ಹಾಕಿಕೊಟ್ಟು, ಮೆಲ್ಲಗೆ ಅಹವಾಲು ಸಲ್ಲಿಸಿದರು:

"ಸಾರ್, ಇಂಥದ್ದೇ ಇನ್ನೊಂದು ಕೊಡ್ಸಿ. ಇದು ನೀರಿಗಿರ್ಲಿ, ಅದು ಸಂಡಿಗೆಗೆ."

ಒಲೆ ಮಾತಾಡಿತು

ತರೀಕೆರೆಯಿಂದ ಹೆಬ್ಬೆ ಕಡೆಗೆ ಹೋಗುವ ದಾರಿಯಲ್ಲಿ ಒಂದು ಹಳ್ಳಿ. ಅಲ್ಲೊಂದು ಮನೆಯ ಯಜಮಾನಿಯ ಬಾಯಿಗೆ ಊರೇ ಹೆದರುತ್ತಿತ್ತು. ಯಜಮಾನರು ಮಾತ್ರ ಜಗಲಿಯ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚುವ ಸಾಧು ಮನುಷ್ಯ. ಆ ಮನೆಯ ಒಲೆ ಎಷ್ಟು ಚೆನ್ನಾಗಿ ಉರಿಯುತ್ತಿತ್ತೆಂದರೆ, ಬೇರೆ ಹಳ್ಳಿಯ ಹೆಂಗಸರಿಗೆ ತೋರಿಸಲು ಅದನ್ನೇ ಆರಿಸಿದ್ದೆ. ಅವರು ನೋಡಿ ಮೆಚ್ಚಿದರೆ ಅವರ ಊರುಗಳಲ್ಲೂ ಕೆಲಸ ಶುರು, ಇಲ್ಲದಿದ್ದರೆ ಇಲ್ಲ.

ಅವರನ್ನೆಲ್ಲ ಬಸ್ಸಿನಿಂದ ಇಳಿಸಿಕೊಂಡು ಹೋಗುತ್ತಿರುವಾಗ ದಾರಿಯಲ್ಲೇ ಸುದ್ದಿ ಸಿಕ್ಕಿತು. ಎರಡು ದಿನದಿಂದ ಒಲೆಯ ಹೊಗೆಯೆಲ್ಲ ವಾಪಸು ಮುಖಕ್ಕೆ ಬರುತ್ತಿದೆಯಂತೆ, ಯಜಮಾನಿ ಒಲೆ ಕೆಡವಲು ಹಾರೆ ಹಿಡಿದಿದ್ದಾಳಂತೆ. ಮೇಸ್ತ್ರಿಗಳು, "ಕೊಳವೇಲಿ ಏನೋ ಕಟ್ಟಿಕೊಂಡಿರತ್ತೆ ಮೇಡಂ. ನಾನು ಹಿತ್ತಲಿಂದ ಮೇಲೆ ಹತ್ತಿ ನೋಡ್ತೀನಿ, ನೀವು ಇವ್ರನ್ನ ಮುಂದುಗಡೆ ಕೂರಿಸಿ" ಎಂದು ಓಡಿದರು.

ನಾವು ಜಗಲಿಗೆ ಬರುವ ಹೊತ್ತಿಗೆ ಒಳಗಿನಿಂದ ಯಜಮಾನಿಯ ಕೂಗು ಬೀದಿಗೆಲ್ಲ ಕೇಳುತ್ತಿತ್ತು. ಬಚ್ಚಲಲ್ಲಿ ಆರಿದ ಒಲೆಯ ಎದುರು ನಿಂತು ಬೈಯುತ್ತಿದ್ದಳು.

"ಹಾಕಿದ್ದೆಲ್ಲಾ ನನ್ ಮಕಕ್ಕೇ ಕಕ್ತೀಯಲ್ಲೋ ಮುಂಡೇದೆ! ಏನು ರೋಗ ಬಂದೈತೆ ನಿಂಗೆ? ಹೇಳು! ಬಾಯಿ ಬಿಡು!"

ಸೂರಿನ ಮೇಲೆ ಕೊಳವೆಗೆ ಮುಖ ಇಟ್ಟು ನೋಡುತ್ತಿದ್ದ ಮೇಸ್ತ್ರಿಗಳು, ತಾವು ಹತ್ತಿದ್ದು ಅಮ್ಮನಿಗೆ ಗೊತ್ತಾಗಿದೆ, ಕೇಳುತ್ತಿರುವುದು ತಮ್ಮನ್ನೇ ಎಂದುಕೊಂಡರು. ಕೊಳವೆಯೊಳಗೇ ಉತ್ತರ ಕೊಟ್ಟರು. ಅದು ಬಚ್ಚಲಿಗೆ ಇಳಿಯುವಷ್ಟರಲ್ಲಿ ಬಾವಿಯೊಳಗಿಂದ ಬಂದ ಧ್ವನಿಯಾಗಿತ್ತು.

"ಗಂಟ್ಲಲ್ಲಿ ಸಿಕ್ಕೊಂಡೈತೆ ಅಮ್ಮಾ..."

ಬೈಗುಳ ನಿಂತು, ಒಳಗಿನಿಂದ ಸಣ್ಣ ದನಿಯಲ್ಲಿ, "ಯಾ... ಯಾರದು?"

"ನಾನೇ ಅಮ್ಮಾ! ಹಾರೆ ಹಾಕ್ಬೇಡಿ!"

ಹಾರೆ ನೆಲಕ್ಕೆ ಬಿದ್ದ ಸದ್ದು ಠಣ್ ಎಂದಿತು. ಯಜಮಾನಿ ಬಿಚ್ಚಿದ ತಲೆಗೂದಲಲ್ಲೇ ಓಡಿ ಬಂದು ಜಗಲಿಯ ಕಂಬ ತಬ್ಬಿಕೊಂಡಳು. "ಒಲೆ... ಒಲೆ ಮಾತಾಡ್ತು ಕಣ್ರೀ! ಹೊಡೀಬೇಡ ಅಂತ ಅಳ್ತೈತೆ!"

ಬಂದಿದ್ದ ಹೆಂಗಸರಲ್ಲಿ ಇಬ್ಬರು ಆಗಲೇ ಬಸ್‌ಸ್ಟ್ಯಾಂಡಿನ ಕಡೆ ತಿರುಗಿದ್ದರು. ಅಷ್ಟರಲ್ಲಿ ಮೇಸ್ತ್ರಿಗಳು ಮೈಯೆಲ್ಲ ಮಸಿ ಮಾಡಿಕೊಂಡು ಹಿತ್ತಲಿಂದ ಬಂದರು. ಕೈಯಲ್ಲಿ ತೆಂಗಿನ ನಾರಿನ ಉಂಡೆ, ಅಳಿಲಿನ ಗೂಡು. ಒಳಗೆ ಮರಿಗಳಿರಲಿಲ್ಲ, ಸದ್ಯ. "ಸಿಕ್ತು ಅಮ್ಮಾ! ಇದೇ ಗಂಟ್ಲಲ್ಲಿ ಕೂತಿದ್ದು" ಎಂದರು.

ಅರ್ಥವಾಗಲು ಒಂದು ಕ್ಷಣ ಬೇಕಾಯಿತು. ಆಮೇಲೆ ಬಿದ್ದ ನಗೆ ಊರಿಗೇ ಕೇಳಿಸಿರಬೇಕು. ಒಲೆ ಹೊತ್ತಿಸಿದೆವು. ಹೊಗೆ ಒಂದಿಷ್ಟೂ ಈ ಕಡೆ ಬಾರದೆ ನೆಟ್ಟಗೆ ಮೇಲೆ ಹೋಯಿತು. ಹೊರಡಲು ತಿರುಗಿದ್ದವರೂ ವಾಪಸು ಬಂದು ಅಂಗಳದಲ್ಲಿ ಕತ್ತೆತ್ತಿ ನೋಡಿ, "ನಮ್ಮೂರಿಗೆ ಯಾವಾಗ ಬತ್ತೀರಿ ಸಾಬ್ರೆ?" ಎಂದರು. ನನ್ನ ಎದೆಯ ಮೇಲಿನ ಕಲ್ಲು ಇಳಿಯಿತು.

ಯಜಮಾನಿಗೆ ಮಾತ್ರ ಊರವರೆದುರು ಹೆದರಿದ ನಾಚಿಕೆ. ಅದನ್ನು ಯಾರ ಮೇಲೆ ತೀರಿಸುವುದು? ಅಷ್ಟು ಹೊತ್ತೂ ಜಗಲಿಯಿಂದ ಅಲುಗದೆ ಕೂತಿದ್ದ ಗಂಡನ ಮೇಲೆ ತಿರುಗಿದಳು.

"ಸಾಬ್ರು ಏಣಿ ಹೊತ್ಕೊಂಡು ಹಿತ್ತಲಿಗೆ ಹೋಗಿದ್ದು ನೀವು ನೋಡಿದ್ರಿ ತಾನೆ? ಒಂದು ಮಾತು ಹೇಳ್ಬಾರ್ದಿತ್ತಾ?"

ಯಜಮಾನರು ಎಲೆ ಮಡಿಸಿ ಬಾಯಿಗಿಟ್ಟುಕೊಂಡು ನಿಧಾನವಾಗಿ ಹೇಳಿದರು:

"ಹೇಳೋಣ ಅಂತಿದ್ದೆ ಕಣೇ. ಆದ್ರೆ ಈ ಮನೇಲಿ ನಿನಗೆ ಎದುರು ಮಾತಾಡೋ ಧೈರ್ಯ ಒಲೆಗಾದ್ರೂ ಬಂತಲ್ಲ, ಇನ್ನೊಂದೆರಡು ಮಾತು ಆಡ್ಲಿ ಅಂತ ಸುಮ್ಕಿದ್ದೆ."